ಜಿಲ್ಲೆಗಿಂತ ಒಂದು ವರ್ಷ ಹಿರಿಯ ಗಾಡಿ

ಹಳೆಯ ಮೋಟಾರ್ ಸೈಕಲಿನ ಟಾಂಕಿಯ ಮೇಲೆ ತಾಮ್ರ ಹಿಡಿದಿತ್ತು. ಮೊದಲು ನೋಡಿದಾಗ ತುಕ್ಕು ಅಂತಲೇ ಎಣಿಸಿದೆ. ಬೆರಳಲ್ಲಿ ಉಜ್ಜಿದರೆ ತುಕ್ಕಿನ ಪುಡಿ ಬರಲಿಲ್ಲ, ಹಳೆಯ ಚೆಂಬಿನ ಹಾಗೆ ಕೆಂಪಗೆ ಹೊಳೆಯಿತು. ಪೆರ್ಲದ ಕಡೆಯ ಒಂದು ತೋಟದ ಮನೆ ಅದು. ಗಾಡಿ ನಿಂತಿದ್ದದ್ದು ಮೈಲುತುತ್ತಿನ ಚೀಲ, ಸುಣ್ಣ, ಮದ್ದು ಬಿಡುವ ಪಂಪು ಇಡುವ ಶೆಡ್ಡಿನಲ್ಲಿ. ಐದು ಮಳೆಗಾಲ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣದ ಬೋರ್ಡೋ ಮದ್ದು ಕಲಸುವಾಗ ಸಿಡಿದ ಹನಿಗಳೆಲ್ಲ ಅದರ ಮೈಮೇಲೆ ಬಿದ್ದಿದ್ದವು. ಮೈಲುತುತ್ತು ಅಂದರೆ ತಾಮ್ರದ ಲವಣ. ಅದರ ನೀರು ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗುತ್ತದೆ, ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ಗಾಜಿನ ಲೋಟದಲ್ಲಿ ಮೊಳೆ ಮುಳುಗಿಸಿ ಇದನ್ನು ಮಕ್ಕಳಿಗೆ ತೋರಿಸುವವಳು ನಾನೇ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಕನ್ನಡ ಶಾಲೆಯಲ್ಲಿ ವಿಜ್ಞಾನದ ಟೀಚರ್. ಆ ಪಾಠ ಒಂದು ಇಡೀ ಮೋಟಾರ್ ಸೈಕಲಿನ ಮೇಲೆ ನಡೆದದ್ದನ್ನು ನೋಡಿದ್ದು ಮಾತ್ರ ಅವತ್ತೇ.

ಆ ಮನೆಯ ಅಣ್ಣ ಒಳಗಿಂದ ಆರ್‌ಸಿ ಹುಡುಕಿ ತಂದರು. 1983ರ ಯೆಜ್ಡಿ 250. ನಂಬರು ಕಣ್ಣೂರು ಜಿಲ್ಲೆಯ ಕಾಲದ್ದು, ಯಾಕೆಂದರೆ ಕಾಸರಗೋಡು ಬೇರೆ ಜಿಲ್ಲೆಯಾದದ್ದು 1984ರ ಮೇ 24ಕ್ಕೆ. ಗಾಡಿ ನಮ್ಮ ಜಿಲ್ಲೆಗಿಂತ ಒಂದು ವರ್ಷ ಹಿರಿಯದು. ಅವರ ಅಪ್ಪ ತೆಗೆದದ್ದಂತೆ, ಕೊನೆಯವರೆಗೂ ಪೇಟೆಗೆ ಅದರಲ್ಲೇ ಹೋಗುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಯಾರೂ ಕಿಕ್ಕರಿಗೆ ಕಾಲಿಟ್ಟಿಲ್ಲ. 22,000 ಹೇಳಿದರು, 17,500ಕ್ಕೆ ಒಪ್ಪಿದರು. ಅದು 2022ರ ಅಕ್ಟೋಬರ್.

ನನಗೆ ಯೆಜ್ಡಿಯೇ ಯಾಕೆ ಬೇಕಿತ್ತು ಅಂದರೆ ಕಾರಣ ಚಿಕ್ಕದು. ನಾನು ಹುಡುಗಿಯಾಗಿದ್ದಾಗ ನೆರೆಮನೆಯಲ್ಲಿ ಒಬ್ಬರು ಮದ್ದಳೆಗಾರರಿದ್ದರು. ರಾತ್ರಿಯಿಡೀ ಯಕ್ಷಗಾನದ ಆಟ ಮುಗಿಸಿ ಬೆಳಗ್ಗಿನ ಹೊತ್ತಿಗೆ ಅವರ ಯೆಜ್ಡಿ ಗುಡ್ಡದ ಆಚೆ ಏರು ಹತ್ತುವ ಸದ್ದು ಮೊದಲು ಕೇಳುತ್ತಿತ್ತು. ಆ ಸದ್ದು ಕೇಳಿದ ಮೇಲೆ ಅಮ್ಮ ಎದ್ದು ಒಲೆಗೆ ಬೆಂಕಿ ಹಾಕುತ್ತಿದ್ದದ್ದು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವ ಗಾಡಿ ಅದು ಅಂತ ಆಗ ಗೊತ್ತಿರಲಿಲ್ಲ, ಬೇರೆ ಯಾವ ಗಾಡಿಗೂ ಆ ಸದ್ದಿಲ್ಲ ಅಂತ ಮಾತ್ರ ಗೊತ್ತಿತ್ತು.

ಕೈಯಲ್ಲಿದ್ದದ್ದು 50,000 ರೂಪಾಯಿ, ಚಿಟ್ಟಿಯಲ್ಲಿ ಕಟ್ಟಿ ಉಳಿಸಿದ್ದು. ಅದಕ್ಕಿಂತ ಮೊದಲು ನಾನು ಕೈಯಾರೆ ರಿಪೇರಿ ಮಾಡಿದ ಯಂತ್ರ ಅಂದರೆ ಮಿಕ್ಸಿ ಮತ್ತು ತೋಟದ ಪಂಪಿನ ಫೂಟ್‌ವಾಲ್ವ್. ಸ್ಪಾನರಿನ ಸೆಟ್ಟು ಕೂಡ ಇರಲಿಲ್ಲ.

ಗಾಡಿಯನ್ನು ಪಿಕಪ್ಪಿನಲ್ಲಿ ಹಾಕಿ ಮೊದಲು ಕೊಂಡುಹೋದದ್ದು ಬದಿಯಡ್ಕದ ಒಂದು ಹಳೆಯ ವರ್ಕ್‌ಶಾಪಿಗೆ. ಅಲ್ಲಿಯ ಯಜಮಾನರನ್ನು ಊರಿಡೀ ಇಚ್ಚ ಅಂತ ಕರೆಯುತ್ತದೆ, ನಾನೂ ಹಾಗೆಯೇ. ಎಪ್ಪತ್ತು ದಾಟಿದೆ, ಕಣ್ಣು ಮಂಜು, ಆದರೆ ನಟ್ಟಿನ ಮೇಲೆ ಬೆರಳಿಟ್ಟರೆ ಎಷ್ಟರ ಸ್ಪಾನರು ಅಂತ ಹೇಳುತ್ತಾರೆ. ನನ್ನ ಯೋಜನೆ ಹೇಳಿದೆ. ಚಾಸಿಯ ಹಿಂದಿನ ಭಾಗ ಕೊಯ್ದು, ಮಡ್‌ಗಾರ್ಡ್ ಗಿಡ್ಡ ಮಾಡಿ, ಒಬ್ಬರೇ ಕೂರುವ ಸ್ಪ್ರಿಂಗ್ ಸೀಟು ಹಾಕಿಸಬೇಕು ಅಂತ ಪಟ ಬಿಡಿಸಿಕೊಂಡು ಹೋಗಿದ್ದೆ. ಇಚ್ಚ ಪಟವನ್ನು ದೂರ ಹಿಡಿದು ನೋಡಿದರು.

“ಚಂದ ಉಂಟು ಟೀಚರೇ. ಆದ್ರೆ ಕೊಯ್ದದ್ದನ್ನು ನಾಳೆ ಬೇಡ ಅಂತ ಕಂಡ್ರೆ ಕೂಡಿಸ್ಲಿಕ್ಕೆ ಆಗುದಿಲ್ಲ. ಬಿಚ್ಚಿದ್ದನ್ನು ಕೂಡಿಸ್ಬಹುದು. ನೀವು ಬಿಚ್ಚುವ ಕೆಲಸ ಮಾಡಿ.”

ಆಮೇಲೆ ಕಾನೂನಿನ ವಿಷಯ ಓದಿದಾಗ ಆ ಮಾತಿನ ಬೆಲೆ ಇನ್ನೂ ಹೆಚ್ಚಾಯಿತು. ಕಂಪೆನಿ ಮಾಡಿದ ಹಾಗೆ ಆರ್‌ಸಿಯಲ್ಲಿ ಏನು ಬರೆದಿದೆಯೋ ಅದಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದದ್ದು ಕೇರಳದಿಂದಲೇ ಹೋದ ಒಂದು ಕೇಸಿನಲ್ಲಿ. ಆರ್‌ಸಿಯಲ್ಲಿ ಸೀಟು ಎರಡು ಅಂತ ಇದ್ದರೆ ಎರಡೇ ಇರಬೇಕು. ಬಣ್ಣ ಬದಲಿಸಿದರೂ ಅದನ್ನು ಆರ್‌ಸಿಯಲ್ಲಿ ಬರೆಸಬೇಕು. ‘ವಿಂಟೇಜ್’ ಅಂತ ವಿನಾಯಿತಿ ಸಿಗಬಹುದೇನೋ ಅಂದುಕೊಂಡರೆ 2021ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿ ಮಾತ್ರ ವಿಂಟೇಜ್. ನನ್ನದಕ್ಕೆ ನಲವತ್ತೂ ಆಗಿರಲಿಲ್ಲ.

ಹಾಗಾಗಿ ಪಟವನ್ನು ಬದಲಿಸಿದೆ. ಚಾಸಿಗೆ ಗರಗಸ ತಾಗಿಸುವುದಿಲ್ಲ, ಎಂಜಿನ್ ಅದೇ. ನನ್ನ ಇಷ್ಟಕ್ಕೆ ಉಳಿದದ್ದು ಬಣ್ಣ, ಸೀಟಿನ ಆಕಾರ, ಹ್ಯಾಂಡಲಿನ ಬಾಗು ಮತ್ತು ತೆಗೆದು ಪುನಃ ಹಾಕಬಹುದಾದ ಸಣ್ಣ ಸಣ್ಣ ಸಾಮಾನು. ಕಸ್ಟಮ್ ಮಾಡುವುದು ಅಂದರೆ ಕೊಯ್ಯುವುದು ಅಂತ ನಾನು ತಿಳಿದಿದ್ದೆ. ನಲವತ್ತು ವರ್ಷದ ಒಂದು ಚಾಸಿ ಓರೆಯಾಗದೆ, ಬಿರುಕು ಬಿಡದೆ ನಿಮ್ಮ ಕೈಗೆ ಬಂದಿದ್ದರೆ, ಅದನ್ನು ಕೊಯ್ದು ಪಡೆಯುವಂಥದ್ದು ಏನೂ ಇಲ್ಲ ಅಂತ ಈಗ ನನ್ನ ಗಟ್ಟಿ ಅಭಿಪ್ರಾಯ.

ಕಾಗದಪತ್ರದ ಕೆಲಸ ಮೊದಲು ಮಾಡಿದ್ದು ಒಳ್ಳೆಯದಾಯಿತು. ಆರ್‌ಸಿ ತೀರಿಕೊಂಡವರ ಹೆಸರಲ್ಲಿದ್ದ ಕಾರಣ ಮಗನ ಹೆಸರಿಗೆ ಬರಲು 31ನೇ ನಂಬರಿನ ಫಾರಂ, ಅಲ್ಲಿಂದ ನನ್ನ ಹೆಸರಿಗೆ 29 ಮತ್ತು 30. ಅದಕ್ಕೂ ಮುಂಚೆ, ಹಣ ಕೊಡುವ ದಿನವೇ, ಚಾಸಿ ನಂಬರಿನ ಮೇಲಿನ ಮಣ್ಣನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರಸಿ, ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದೆ. ಎಂಜಿನ್ ನಂಬರಿಗೂ ಹಾಗೆಯೇ. ಎರಡೂ ಆರ್‌ಸಿಗೆ ಅಂಕೆಗೆ ಅಂಕೆ ಸರಿಹೊಂದಿದವು. ಈ ಹತ್ತು ನಿಮಿಷದ ಕೆಲಸ ಮಾಡದೆ ಹಳೆಯ ಗಾಡಿಗೆ ದಯವಿಟ್ಟು ಯಾರೂ ಹಣ ಕೊಡಬೇಡಿ. ನಂಬರು ಹೊಂದದ ಗಾಡಿಗೆ ಎಷ್ಟು ಚಂದ ಬಣ್ಣ ಬಳಿದರೂ ಅದು ರಸ್ತೆಗೆ ಇಳಿಯುವಂತಿಲ್ಲ. ಆರ್‌ಸಿಯ ಐದು ವರ್ಷದ ಅವಧಿ 2023ರ ನವೆಂಬರಿಗೆ ಮುಗಿಯುತ್ತಿತ್ತು. ಮುಂದಿನ ನವೀಕರಣಕ್ಕೆ ಗಾಡಿಯನ್ನೇ ಕೊಂಡುಹೋಗಿ ತೋರಿಸಬೇಕು. ಅಂದರೆ ನನಗಿದ್ದದ್ದು ಒಂದು ವರ್ಷ, ಅದರಲ್ಲೂ ಶಾಲೆಗೆ ರಜೆ ಇರುವ ದಿನ ಮಾತ್ರ.

ಕ್ರಿಸ್‌ಮಸ್ ರಜೆಯ ಹತ್ತು ದಿನ ಬಿಚ್ಚಿದೆ. ನಮ್ಮ ಅಂಗಳದ ಬದಿಯಲ್ಲಿ ಅಡಿಕೆ ಸುಲಿಯುವ ಮಾಡಿನ ಕೆಳಗೆ ಜಾಗ. ಬಿಚ್ಚಿದ ಪ್ರತಿಯೊಂದು ಭಾಗದ ನಟ್ಟು, ಬೋಲ್ಟು, ವಾಷರುಗಳಿಗೆ ಒಂದೊಂದು ಅಡಿಕೆ ಹಾಳೆಯ ತಟ್ಟೆ. ತಟ್ಟೆಯ ಅಂಚಿನಲ್ಲಿ ಮಾರ್ಕರಿನಿಂದ ಬರೆದೆ: ‘ಎದುರಿನ ಚಕ್ರ’, ‘ಕ್ಲಚ್ಚಿನ ಕಡೆ’, ‘ಡೈನಮೋ ಕಡೆ’. ಮೊಬೈಲಿನಲ್ಲಿ ಪಟವನ್ನೂ ತೆಗೆದೆ. ಆದರೆ ಒಂಬತ್ತು ತಿಂಗಳ ಮೇಲೆ ಪುನಃ ಕೂಡಿಸುವಾಗ ಹೆಚ್ಚು ಉಪಕಾರಕ್ಕೆ ಬಂದದ್ದು ತಟ್ಟೆಗಳೇ. ವಾಷರು ಯಾವ ಕ್ರಮದಲ್ಲಿ ಹೊರಬಂತೋ ಅದೇ ಕ್ರಮದಲ್ಲಿ ದಾರಕ್ಕೆ ಪೋಣಿಸಿ ಇಟ್ಟಿದ್ದೆ. ಪಟದಲ್ಲಿ ಅದು ಕಾಣುವುದಿಲ್ಲ.

ಪಿಸ್ಟನ್ ಜಾಮ್ ಆಗಿತ್ತು. ಪ್ಲಗ್ಗಿನ ತೂತಿನಿಂದ ಡೀಸೆಲ್ ಹೊಯ್ದು ಬಿಟ್ಟು ದಿನಾ ಸಂಜೆ ಹಿಂದಿನ ಚಕ್ರವನ್ನು ಗೇರಿನಲ್ಲಿಟ್ಟು ಮೆಲ್ಲಗೆ ಅಲ್ಲಾಡಿಸುತ್ತಿದ್ದೆ. ಹನ್ನೊಂದನೆಯ ದಿನ ಒಂದು ಕೂದಲಿನಷ್ಟು ಹಂದಿತು. ಆ ಸಂಜೆಯ ಖುಷಿ ನನಗೆ ಗಾಡಿ ಸ್ಟಾರ್ಟ್ ಆದ ದಿನವೂ ಆಗಿರಲಿಕ್ಕಿಲ್ಲ. ಆದರೆ ಅದೇ ಖುಷಿಯಲ್ಲಿ ಅವಸರ ಮಾಡಿ ಹೆಡ್ಡಿನ ಒಂದು ಸ್ಟಡ್ಡನ್ನು ಮುರಿದೆ. ತಿರುಗದ ನಟ್ಟಿಗೆ ಸ್ಪಾನರಿನ ಹಿಂದೆ ಜಿ.ಐ. ಪೈಪು ಸಿಕ್ಕಿಸಿ ಎಳೆದದ್ದು ತಪ್ಪು. ಬಿಸಿ ಮಾಡಬೇಕಿತ್ತು, ಎಣ್ಣೆ ಬಿಟ್ಟು ಮರುದಿನಕ್ಕೆ ಕಾಯಬೇಕಿತ್ತು. ಮುರಿದ ತುಂಡನ್ನು ಲೇತಿನಲ್ಲಿ ತೆಗೆಸಿ ಹೊಸ ಸ್ಟಡ್ ಹಾಕಲು 650 ರೂಪಾಯಿ ಹೋಯಿತು.

ತುಕ್ಕಿಗೆ ಮದ್ದು ಹೇಳಿದವರು ಅಮ್ಮ. ನಾನು ಪೇಟೆಯಿಂದ ಆಸಿಡ್ ತರುತ್ತೇನೆ ಎಂದಾಗ, “ಎಂತಕ್ಕೆ? ಬಿಂಬುಳಿ ಬಿದ್ದು ಕೊಳೀತಾ ಉಂಟಲ್ಲ ಹಿತ್ತಲಲ್ಲಿ” ಅಂದರು. ಬಟ್ಟೆಗೆ ಹಿಡಿದ ಕಬ್ಬಿಣದ ಕಲೆಗೆ, ಹಿತ್ತಾಳೆ ದೀಪಕ್ಕೆ ಅಮ್ಮ ಹಚ್ಚುವುದು ಆ ಹುಳಿ ಕಾಯಿಯನ್ನೇ. ಅದರಲ್ಲಿ ಆಕ್ಸಾಲಿಕ್ ಆಮ್ಲ ಧಾರಾಳ ಇದೆ, ತುಕ್ಕನ್ನು ಕರಗಿಸುವುದು ಅದು. ಎರಡು ಬುಟ್ಟಿ ಬಿಂಬುಳಿ ಜಜ್ಜಿ, ಬಟ್ಟೆಯಲ್ಲಿ ಸೋಸಿ, ಪ್ಲಾಸ್ಟಿಕ್ ಬಕೆಟಿಗೆ ತುಂಬಿಸಿ ಬೋಲ್ಟುಗಳನ್ನೂ ಬ್ರೇಕಿನ ಲಿವರುಗಳನ್ನೂ ಮುಳುಗಿಸಿದೆ. ಮೂರನೆಯ ದಿನ ತಂತಿಯ ಬ್ರಷ್ಷಿನಲ್ಲಿ ತಿಕ್ಕಿದರೆ ಬೂದು ಬಣ್ಣದ ಶುದ್ಧ ಕಬ್ಬಿಣ. ತೆಗೆದ ಕೂಡಲೇ ಸೋಡಾಪುಡಿ ನೀರಿನಲ್ಲಿ ಅದ್ದಿ, ಬಿಸಿಲಲ್ಲಿ ಒಣಗಿಸಿ, ಎಣ್ಣೆ ಸವರಬೇಕು. ಇಲ್ಲದಿದ್ದರೆ ನಮ್ಮ ಗಾಳಿಯ ತೇವಕ್ಕೆ ಸಂಜೆಯೊಳಗೆ ಹೊಸ ತುಕ್ಕು. ಕ್ರೋಮಿನ ಸಾಮಾನನ್ನು ಅದರಲ್ಲಿ ತುಂಬಾ ಹೊತ್ತು ಬಿಡಬೇಡಿ. ಕೈಗೆ ಗ್ಲೌಸು ಬೇಕು. ನನ್ನ ಉಗುರ ಸಂದು ಒಂದು ವಾರ ಉರಿದಿದೆ.

ಟಾಂಕಿಯ ಒಳಗೂ ಅದೇ ರಸ ತುಂಬಿಸಿ, ಒಂದು ಹಿಡಿ ಸಣ್ಣ ನಟ್ಟುಗಳನ್ನು ಹಾಕಿ ಕುಲುಕಿದೆ. ಒಳಗೆ ಚೊಕ್ಕವಾಯಿತು. ಆದರೆ ಮೈಲುತುತ್ತು ತಿಂದ ಕಡೆ ಮೂರು ಸೂಜಿತೂತು ಹೊರಬಿದ್ದವು. ಅಲ್ಲಿಯವರೆಗೆ ತುಕ್ಕೇ ಅವನ್ನು ಮುಚ್ಚಿತ್ತು. ಅವನ್ನು ಪಿತ್ತಳೆ ಬೆಸುಗೆ ಹಾಕಿಸುವಾಗ ಕುಂಬ್ಳೆಯ ಟಿಂಕರ್ ಅಣ್ಣ ಬೆಂಕಿ ತಾಗುವ ಜಾಗ ಒಂದು ಬಿಟ್ಟು ಟಾಂಕಿಯ ಉಳಿದೆಲ್ಲ ಭಾಗಕ್ಕೆ ನೀರು ತುಂಬಿಸಿದರು. ಎಷ್ಟೇ ತೊಳೆದರೂ ಪೆಟ್ರೋಲಿನ ಆವಿ ಸಂದಿಯಲ್ಲಿ ಉಳಿದಿರುತ್ತದೆ, ಖಾಲಿ ಟಾಂಕಿಯೇ ತುಂಬಿದ್ದಕ್ಕಿಂತ ಅಪಾಯ. ಈ ಕೆಲಸವನ್ನು ಮನೆಯಲ್ಲಿ ಯಾರೂ ಮಾಡಲು ಹೋಗಬಾರದು.

ಇನ್ನು ಎಂಜಿನ್. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಹಾಗಾಗಿ ಹೊಸಬರಿಗೆ ಸುಲಭ ಅಂತ ಹೇಳುವುದುಂಟು. ಅರ್ಧ ಸತ್ಯ ಅದು. ಪಿಸ್ಟನ್ ಕೆಳಗಿಳಿಯುವಾಗ ಅದರ ಕೆಳಗಿನ ಪೆಟ್ಟಿಗೆಯ, ಅಂದರೆ ಕ್ರ್ಯಾಂಕ್‌ಕೇಸಿನೊಳಗಿನ ಪೆಟ್ರೋಲು ಗಾಳಿಯ ಮಿಶ್ರಣ ಒತ್ತಿ ಮೇಲಕ್ಕೆ ಹೋಗಬೇಕು. ಕೇಸು ಎಲ್ಲಿ ಸೋರಿದರೂ ಲೆಕ್ಕ ತಪ್ಪುತ್ತದೆ. ಪಿಸ್ಟನ್ನಿನ ಏರಿಳಿತಕ್ಕೆ ಅದರೊಳಗೆ ತಿರುಗುವ ದಂಡ ಕ್ರ್ಯಾಂಕು. ಅದರ ಎರಡು ಬದಿಯ ಆಯಿಲ್ ಸೀಲು ಅಂದರೆ ಅಂಗೈಗೆ ಹಿಡಿಯುವ ರಬ್ಬರಿನ ಉಂಗುರ. ಎಡಗಡೆಯದ್ದು ಹೋದರೆ ಕ್ಲಚ್ಚಿನ ಕಡೆಯ ಆಯಿಲನ್ನು ಎಂಜಿನ್ ಎಳೆದುಕೊಂಡು ಬಿಳಿ ಹೊಗೆ ಕಕ್ಕುತ್ತದೆ. ಬಲಗಡೆಯದ್ದು, ಡೈನಮೋ ಬದಿಯದ್ದು ಹೋದರೆ ಬರೀ ಗಾಳಿ ಎಳೆದುಕೊಂಡು ಬಿಸಿಯಾಗಿ ಪಿಸ್ಟನ್ ಕಚ್ಚುತ್ತದೆ. ನನ್ನದರಲ್ಲಿ ಎರಡೂ ಗಟ್ಟಿಯಾಗಿ ಬಿಸ್ಕತ್ತಿನ ಹಾಗೆ ಮುರಿದು ಬಂದವು. ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದರೆ ಕಟ್ ಕಟ್ ಅಂತ ಪ್ಲೇ, ಅಂದರೆ ಸಡಿಲ.

ಇಚ್ಚ ಆ ದಿನ ಒಂದು ಕಾಗದದ ತುಂಡಿನಲ್ಲಿ ನಡುವೆ ಗೆರೆ ಎಳೆದು ಕೊಟ್ಟರು. ಒಂದು ಬದಿಗೆ ನಾನು ಮಾಡಬೇಕಾದ್ದು: ಬಿಚ್ಚುವುದು, ತೊಳೆಯುವುದು, ತಿಕ್ಕುವುದು, ಬ್ರೇಕು, ಕೇಬಲ್, ವಯರಿಂಗ್, ಕೂಡಿಸುವುದು. ಇನ್ನೊಂದು ಬದಿಗೆ ನಾನು ಮುಟ್ಟಬಾರದ್ದು: ಕ್ರ್ಯಾಂಕು, ಬೋರು (ಸಿಲಿಂಡರಿನ ಒಳಗನ್ನು ಕೊರೆದು ದೊಡ್ಡದು ಮಾಡುವುದು), ಬೆಸುಗೆ, ರಿಮ್ಮಿನ ಬೆಂಡು. “ಈ ಬದಿಯದ್ದಕ್ಕೆ ಚರ್ಚೆ ಮಾಡ್ಬೇಡಿ ಟೀಚರೇ, ಕೇಳಿದಷ್ಟು ಕೊಡಿ.” ಕಡಿಮೆ ಹಣದಲ್ಲಿ ಗಾಡಿ ಕಟ್ಟುವವರಿಗೆ ನಾನು ಕೊಡಬಹುದಾದ್ದು ಆ ಗೆರೆ ಒಂದೇ. ನಾನು ಹಣ ಉಳಿಸಿದ್ದೆಲ್ಲ ಗೆರೆಯ ಈಚೆ. ಗೆರೆಯ ಆಚೆ ಉಳಿಸಲು ಹೋದಾಗಲೆಲ್ಲ ಕಳೆದುಕೊಂಡೆ.

ಕಳೆದುಕೊಂಡದ್ದು ಹೇಗೆ ಅಂದರೆ, ಆನ್‌ಲೈನಿನಲ್ಲಿ ಒಂದು ಕಡೆ ಪಿಸ್ಟನ್ ರಿಂಗುಗಳ ಸೆಟ್ಟು ಅರ್ಧ ಬೆಲೆಗೆ ಕಂಡಿತು. ತರಿಸಿದೆ. ಮಂಗಳೂರಿನ ಲೇತಿನವರು ಬೋರ್ ಮಾಡಿ ಕೊಟ್ಟ ಬ್ಲಾಕಿನೊಳಗೆ ಒಂದು ರಿಂಗು ಇಟ್ಟು ಬೆಳಕಿಗೆ ಹಿಡಿದರೆ ರಿಂಗಿಗೂ ಗೋಡೆಗೂ ನಡುವೆ ಎರಡು ಕಡೆ ಹಗಲು ಕಾಣುತ್ತಿತ್ತು. ರಿಂಗು ಸರಿಯಾಗಿ ಉರುಟೇ ಇರಲಿಲ್ಲ. ಹಾಕಿ ಓಡಿಸಿದ್ದರೆ ಹೊಸ ಬೋರು ಕೂಡ ಹಾಳಾಗುತ್ತಿತ್ತು. ವಾಪಸು ತೆಗೆದುಕೊಳ್ಳಲಿಲ್ಲ.

ಅದಕ್ಕೇ ಮೈಸೂರಿಗೆ ಹೋದದ್ದು, 2023ರ ಏಪ್ರಿಲಿನಲ್ಲಿ, ದೊಡ್ಡ ರಜೆ ಸುರುವಾದ ವಾರ. ಚೆರ್ಕಳದಿಂದ ಜಾಲ್ಸೂರು, ಸುಳ್ಯ, ಸಂಪಾಜೆ ಘಾಟಿ ಹತ್ತಿ ಮಡಿಕೇರಿ, ಅಲ್ಲಿಂದ ಇಳಿದು ಮೈಸೂರು. ಮಡಿಲಲ್ಲಿ ಹಳೆಯ ಪಿಸ್ಟನ್ನಿನ ಚೀಲ. ಈ ಗಾಡಿ ಹುಟ್ಟಿದ ಊರದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಜೆಕ್ ದೇಶದ ಜಾವಾ ಕಂಪೆನಿಯ ಲೈಸೆನ್ಸಿನಲ್ಲಿ ಇರಾನಿ ಕುಟುಂಬದವರು ನಡೆಸುತ್ತಿದ್ದದ್ದು. 1973ರಿಂದ ಯೆಜ್ಡಿ ಅನ್ನುವ ಹೆಸರು. 1996ರಲ್ಲಿ ಮುಚ್ಚಿತು. ಆದರೆ ಇಪ್ಪತ್ತೇಳು ವರ್ಷದ ಮೇಲೂ ಆ ಊರಿನಲ್ಲಿ ಯೆಜ್ಡಿ ಅಂದರೆ ಅಂಗಡಿಯವರು ಕೌಂಟರಿನ ಹಿಂದಿನಿಂದ ಎದ್ದು ಬರುತ್ತಾರೆ. ನಾನು ಹೋದ ಅಂಗಡಿಯ ಹಿರಿಯರು ನನ್ನ ಪಿಸ್ಟನ್ನಿನ ತಲೆಯನ್ನು ಒರಸಿ ಅದರ ಮೇಲಿನ ಅಂಕೆ ನೋಡಿ, “ಮೂಲ ಬೋರು 65 ಮಿಲಿಮೀಟರು ಕಣಮ್ಮ. ಇದನ್ನ ಆಗ್ಲೇ ಎರಡು ಸಲ ದೊಡ್ಡದು ಮಾಡವ್ರೆ. ಈಗ ಮಾಡಿಸಿರೋದು ಮೂರನೇದು” ಅಂದರು. ಪಿಸ್ಟನ್, ರಿಂಗು, ರಾಡ್ ಕಿಟ್ಟು, ಬೇರಿಂಗು, ಸೀಲು, ಜಿಕೋವ್ ಕಾರ್ಬುರೇಟರಿನ ರಿಪೇರಿ ಸೆಟ್ಟು ಎಲ್ಲ ಒಂದೇ ಕಡೆ ಸಿಕ್ಕಿತು. ರಿಂಗನ್ನು ಬೆಳಕಿಗೆ ಹಿಡಿದು ನೋಡುವಂತೆ ಅವರೇ ಹೇಳಿದರು.

ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಚ್ಚಿ ಹೊಸ ರಾಡ್ ಕೂರಿಸಿ, ಡಯಲ್ ಗೇಜ್ ಇಟ್ಟು ಔಟ್, ಅಂದರೆ ಓರೆ, ತೆಗೆಯುವುದನ್ನು ಮಂಗಳೂರಿನಲ್ಲಿ ಎರಡು ಗಂಟೆ ನಿಂತು ನೋಡಿದೆ. ತಾಮ್ರದ ಸುತ್ತಿಗೆಯಲ್ಲಿ ಒಂದು ಪೆಟ್ಟು, ಗೇಜು ನೋಡುವುದು, ಪುನಃ ಒಂದು ಪೆಟ್ಟು. ಕ್ರ್ಯಾಂಕಿಗೆ ಸಂಬಂಧಪಟ್ಟು ಒಟ್ಟು 7,800 ರೂಪಾಯಿ. ಒಂದು ರೂಪಾಯಿಯೂ ಹೆಚ್ಚಾಯಿತು ಅನಿಸಲಿಲ್ಲ.

ಕೇಸಿನೊಳಗೆ ಬೇರಿಂಗ್ ಕೂರಿಸಿದ್ದು ಮನೆಯಲ್ಲೇ. ಬೇರಿಂಗನ್ನು ರಾತ್ರಿಯಿಡೀ ಫ್ರೀಜರಿನಲ್ಲಿ ಇಟ್ಟೆ. ಬೆಳಗ್ಗೆ ಅಲ್ಯೂಮಿನಿಯಂ ಕೇಸನ್ನು ಕಬ್ಬಿಣದ ಹಂಚಿನ ಮೇಲೆ ಮೆಲ್ಲಗೆ ಬಿಸಿ ಮಾಡಿದೆ, ನೀರಿನ ಹನಿ ಬಿದ್ದರೆ ಚೊಂಯ್ ಅನ್ನುವವರೆಗೆ. ಬಿಸಿಗೆ ತೂತು ಹಿಗ್ಗುತ್ತದೆ, ತಣ್ಣಗಿನ ಬೇರಿಂಗು ಕುಗ್ಗಿರುತ್ತದೆ. ಇಟ್ಟರೆ ತನ್ನಷ್ಟಕ್ಕೆ ಜಾರಿ ಟಕ್ ಅಂತ ಕೂತಿತು. ಸುತ್ತಿಗೆ ಬೇಕಾಗಲಿಲ್ಲ. ಆ ಟಕ್ ಅನ್ನುವ ಸದ್ದನ್ನು ಆಮೇಲೆ ಕ್ಲಾಸಿನಲ್ಲಿ ಬಳೆಯೂ ಗೋಲಿಯೂ ಇಟ್ಟು ಮಕ್ಕಳಿಗೆ ವಿವರಿಸಿದ್ದೇನೆ.

ಜೂನಿನಲ್ಲಿ ಮಳೆ ಹಿಡಿಯಿತು, ಕೆಲಸ ನಿಂತಿತು. ಜುಲೈಯ ಎರಡನೇ ಭಾನುವಾರ ಎಲ್ಲೆಡೆ ಜಾವಾ ಯೆಜ್ಡಿಯವರು ಗಾಡಿ ಹೊರತೆಗೆದು ಒಟ್ಟು ಸೇರುತ್ತಾರೆ. ನನ್ನ ಎಂಜಿನ್ ಆ ದಿನ ಗೋಣಿಚೀಲದಲ್ಲಿ ಸುತ್ತಿಕೊಂಡು ಅಡಿಗೆಮನೆಯ ಅಟ್ಟದಲ್ಲಿತ್ತು. ಮನೆಯಲ್ಲಿ ಒಲೆಯ ಹೊಗೆ ತಾಗಿ ಬೆಚ್ಚಗಿರುವ ಜಾಗ ಅದೊಂದೇ. ಸೈಲೆನ್ಸರಿನ ಒಳಕೊಳವೆಗಳಿಗೆ ಹಿಡಿದಿದ್ದ ಕರಿಯನ್ನು ಬಚ್ಚಲೊಲೆಯಲ್ಲಿ ಅಡಿಕೆ ಸಿಪ್ಪೆಯ ಕೆಂಡಕ್ಕೆ ಇಟ್ಟು ಸುಟ್ಟದ್ದೂ ಆ ಮಳೆಗಾಲದಲ್ಲೇ. ನಲವತ್ತು ವರ್ಷದ ಎಣ್ಣೆಯ ಕರಿ ಅಂದರೆ ಡಾಮರಿನ ಹಾಗೆ.

ಓಣಂ ರಜೆಯಲ್ಲಿ ವಯರಿಂಗ್. 6 ವೋಲ್ಟಿನ ಡೈನಮೋ ಗಾಡಿ ಇದು, ಬ್ಯಾಟರಿ ಸತ್ತರೆ ಕಿಡಿಯೂ ಇಲ್ಲ. ಹಲವರು 12ಕ್ಕೆ ಬದಲಿಸಿ ಅಂದರು. ಬದಲಿಸುವ ಸೆಟ್ಟಿನ ಬೆಲೆ ನನ್ನ ಲೆಕ್ಕದಲ್ಲಿ ಇರಲಿಲ್ಲ, ಆಸೆಯೂ ಇರಲಿಲ್ಲ. 6 ವೋಲ್ಟಿನ ಗಾಡಿಯ ದೀಪ ಮಂಕಾಗುವುದು ಹೆಚ್ಚಾಗಿ ತುಕ್ಕು ಹಿಡಿದ ಅರ್ತಿನಿಂದ. ಅರ್ತ್ ತಾಗುವ ಪ್ರತಿ ಜಾಗವನ್ನು ಸ್ಯಾಂಡ್ ಪೇಪರಿನಲ್ಲಿ ಹೊಳೆಯುವಂತೆ ತಿಕ್ಕಿ, ದಪ್ಪ ವಯರು ಹಾಕಿದೆ. ಹೆಡ್‌ಲೈಟು ನನಗೆ ಸಾಕಾಗುವಷ್ಟು ಬೆಳಗುತ್ತದೆ. ಹೆಡ್‌ಲೈಟಿನ ಮೇಲೆ ಮೊಳೆಯಂಥ ಆ ಕೀಲಿ ಕೂಡ ಹಳೆಯದೇ.

ಟೈಮಿಂಗ್ ಇಡುವುದನ್ನು ಇಚ್ಚ ನಮ್ಮ ಮನೆಗೇ ಬಂದು ಕಲಿಸಿದರು. ಪಾಯಿಂಟು ಅಂದರೆ ಕಿಡಿ ಹಾರಿಸಲು ಕರೆಂಟನ್ನು ಕಡಿಯುವ ಸಣ್ಣ ಸ್ವಿಚ್ಚು. ಅದರ ಗ್ಯಾಪು 0.4 ಮಿಲಿಮೀಟರ್. ಪಿಸ್ಟನ್ ತುದಿ ತಲುಪುವ ಕೆಲವು ಮಿಲಿಮೀಟರ್ ಮೊದಲೇ ಪಾಯಿಂಟ್ ತೆರೆಯಬೇಕು, ಕಿಡಿ ಹಾರುವುದು ಆ ಕ್ಷಣಕ್ಕೆ. ತೆರೆಯುವ ಕ್ಷಣ ಕಣ್ಣಿಗೆ ಕಾಣುವುದಿಲ್ಲ. ಇಚ್ಚ ಬೀಡಿ ಕಟ್ಟಿನ ಮೇಲಿನ ತೆಳು ಕಾಗದವನ್ನು ಹರಿದು ಪಾಯಿಂಟಿನ ನಡುವೆ ಇಟ್ಟು, ಒಂದು ಕೈಯಲ್ಲಿ ಮೆಲ್ಲಗೆ ಎಳೆಯುತ್ತಾ ಇನ್ನೊಂದರಲ್ಲಿ ಕ್ರ್ಯಾಂಕ್ ತಿರುಗಿಸಿದರು. ಕಾಗದ ಬಿಟ್ಟುಕೊಂಡ ಜಾಗವೇ ಪಾಯಿಂಟ್ ತೆರೆದ ಜಾಗ. ನನ್ನ ಕೈಯಲ್ಲಿ ಇಪ್ಪತ್ತು ಸಲ ಮಾಡಿಸಿದರು. ಮಂಜು ಕಣ್ಣಿನ ಮನುಷ್ಯ ಇಷ್ಟು ವರ್ಷ ಟೈಮಿಂಗ್ ಇಟ್ಟದ್ದು ಹೇಗೆ ಅಂತ ಆಗ ತಿಳಿಯಿತು.

ಪೆಟ್ರೋಲಿಗೆ ಲೀಟರಿಗೆ 50 ಮಿ.ಲೀ. 2ಟಿ ಆಯಿಲ್ ಬೆರೆಸಿದೆ. ಹೊಸ ಪಿಸ್ಟನ್ ಪಳಗುವವರೆಗೆ ಅಷ್ಟು, ಆಮೇಲೆ 40. ಈ ಗಾಡಿಯಲ್ಲಿ ಗೇರಿನ ಲಿವರೇ ಕಿಕ್ಕರು. ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರಾಗಿ ನಿಲ್ಲುತ್ತದೆ. ಸೆಪ್ಟೆಂಬರ್ 3, ಭಾನುವಾರ, ಹದಿನಾಲ್ಕನೆಯ ಕಿಕ್ಕಿಗೆ ಹತ್ತಿಕೊಂಡಿತು. ಅಮ್ಮ ಹೊರಗೆ ಬಂದರು. ಆದರೆ ಸದ್ದು ಸರಿಯಿರಲಿಲ್ಲ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಏರುತ್ತಲೇ ಹೋಯಿತು. ಕೀಲಿ ಎಳೆದು ನಿಲ್ಲಿಸಿದೆ, ಕೈ ನಡುಗುತ್ತಿತ್ತು. ಪ್ಲಗ್ ಬಿಚ್ಚಿ ನೋಡಿದರೆ ತುದಿ ಸುಣ್ಣದಂತೆ ಬೆಳ್ಳಗೆ. ಕಪ್ಪು ಒದ್ದೆ ಇದ್ದರೆ ಪೆಟ್ರೋಲು ಹೆಚ್ಚು, ಬಿಳಿ ಇದ್ದರೆ ಗಾಳಿ ಹೆಚ್ಚು, ಕಾಫಿ ಪುಡಿಯ ಬಣ್ಣ ಬಂದರೆ ಸರಿ. ಎಲ್ಲಿಂದಲೋ ಗಾಳಿ ಎಳೆದುಕೊಳ್ಳುತ್ತಿತ್ತು. ಸೀಲಿನ ಮೇಲೇ ನನಗೆ ಸಂಶಯ, ಅಂದರೆ ಎಂಜಿನ್ ಪುನಃ ಪೂರ್ತಿ ಬಿಚ್ಚಬೇಕು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಇಚ್ಚ ಫೋನಿನಲ್ಲಿ ಕೇಳಿದ್ದು ಒಂದೇ: “ಕಾರ್ಬುರೇಟರ್ ಕೂರುವ ಮುಖವನ್ನು ಗಾಜಿನ ಮೇಲೆ ಇಟ್ಟು ನೋಡಿದ್ದೀರಾ?” ನೋಡಿರಲಿಲ್ಲ. ಹಿಂದೆ ಯಾರೋ ಬೋಲ್ಟನ್ನು ಅತಿಯಾಗಿ ಬಿಗಿದು ಆ ಮುಖ ಬಿಲ್ಲಿನ ಹಾಗೆ ಬಾಗಿತ್ತು. ಗಾಜಿನ ಮೇಲೆ ಸ್ಯಾಂಡ್ ಪೇಪರ್ ಅಂಟಿಸಿ, ಒಂದು ಗಂಟೆ ಎಂಟರ ಆಕಾರದಲ್ಲಿ ತಿಕ್ಕಿ ಸಪಾಟು ಮಾಡಿ, ಹೊಸ ಪ್ಯಾಕಿಂಗ್ ಹಾಕಿದೆ. ಖರ್ಚು 30 ರೂಪಾಯಿ. ಸಂಜೆ ಮೂರನೇ ಕಿಕ್ಕಿಗೆ ಸ್ಟಾರ್ಟ್. ಗುಡ್ಡದ ಆಚೆಯಿಂದ ಬರುತ್ತಿದ್ದ ಆ ಸದ್ದೇ.

ಬಣ್ಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದನ್ನು ನಾನು ಮಾಡಲಿಲ್ಲ. 6,500ಕ್ಕೆ ಕಾಸರಗೋಡಿನಲ್ಲಿ ಮಾಡಿಸಿದೆ. ಆರ್‌ಸಿಯಲ್ಲಿ ಕಪ್ಪು ಇತ್ತು. ನಾನು ಆರಿಸಿದ್ದು ಹಣ್ಣಾದ ಪುನರ್ಪುಳಿಯ ಕೆಂಪು. ಒಂದು ಹಣ್ಣನ್ನೇ ಒಡೆಯದೆ ಕೊಂಡುಹೋಗಿ ಪೈಂಟರಿಗೆ ತೋರಿಸಿದೆ. ಟಾಂಕಿಯ ಎರಡು ಬದಿಗೆ ಮಾತ್ರ ಒಣಗಿದ ಹಾಳೆಯ ಬಣ್ಣ. ಮೊದಲೇ ಅರ್ಜಿ ಕೊಟ್ಟು ಆರ್‌ಸಿಯಲ್ಲಿ ಬರೆಸಿದ್ದೇನೆ. ಬಣ್ಣಕ್ಕೆ ಕೊಡುವ ಮೊದಲು ಚಾಸಿ ನಂಬರಿನ ಮೇಲೆ ಟೇಪು ಅಂಟಿಸಿದ್ದೆ. ಅದರ ಮೇಲೆ ಪುಟ್ಟಿ ಬಿದ್ದರೆ ತಪಾಸಣೆಯ ದಿನ ಉಜ್ಜಿ ಉಜ್ಜಿ ಸಾಕಾಗುತ್ತದೆ. ಸೀಟು ಇಬ್ಬರಿಗೆ ಕೂರುವಷ್ಟೇ, ಆದರೆ ತೆಳುವಾಗಿ, ಸಪಾಟಾಗಿ, ಅಡ್ಡ ಹೊಲಿಗೆ ಹಾಕಿಸಿ ಹೊಲಿಸಿದ್ದು. 1,600 ರೂಪಾಯಿಗೆ ಗಾಡಿಯ ಇಡೀ ರೂಪವೇ ಬದಲಾಯಿತು.

2023ರ ನವೆಂಬರಿನಲ್ಲಿ ತಪಾಸಣೆಗೆ ಹಾಜರಾದೆ. 25ನೇ ನಂಬರಿನ ಫಾರಂ, ಆಗಿದ್ದ 1,000 ರೂಪಾಯಿ ಶುಲ್ಕ, ಹೊಗೆ ತಪಾಸಣೆಯ ಸರ್ಟಿಫಿಕೇಟು, ಇನ್ಶೂರೆನ್ಸು. ಇನ್‌ಸ್ಪೆಕ್ಟರು ನಂಬರುಗಳನ್ನು ನೋಡಿದರು, ಬ್ರೇಕು, ಹಾರ್ನು, ಲೈಟು ನೋಡಿದರು. ಐದು ವರ್ಷಕ್ಕೆ ಆರ್‌ಸಿ ಸಿಕ್ಕಿತು.

ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಒಟ್ಟು 62,600 ಅಂತ ಇದೆ. ಎಣಿಸಿದ್ದಕ್ಕಿಂತ 12,600 ಹೆಚ್ಚು. ಅದರಲ್ಲಿ 2,700 ನನ್ನ ತಪ್ಪುಗಳದ್ದು: ಮುರಿದ ಸ್ಟಡ್ಡು, ಉರುಟಿಲ್ಲದ ರಿಂಗು, ಅಳತೆ ತಪ್ಪಿ ತಂದ ಕೇಬಲ್. ಉಳಿದದ್ದರಲ್ಲಿ ದೊಡ್ಡ ಪಾಲು ಟಯರು, ಟ್ಯೂಬು, ರಿಮ್ಮಿನ ಕ್ರೋಮಿನದ್ದು. ಅವಕ್ಕೆ 9,200 ಆಯಿತು, ನಾನು ಸುರುವಿನಲ್ಲಿ 4,000 ಹಿಡಿದಿದ್ದೆ. ಹೊಸದಾಗಿ ಕೆಲಸ ಸುರು ಮಾಡುವವರು ಎಂಜಿನ್ನಿನ ಹೆದರಿಕೆಯಲ್ಲಿ ಚಕ್ರವನ್ನು ಮರೆಯುತ್ತಾರೆ.

ಈಗ ಎರಡು ವರ್ಷವಾಗುತ್ತಾ ಬಂತು. ಶನಿವಾರ ಪೇಟೆಗೆ ಅದರಲ್ಲೇ ಹೋಗುತ್ತೇನೆ. ಒಮ್ಮೆ ಪೊಸಡಿಗುಂಪೆ ಗುಡ್ಡಕ್ಕೆ, ಒಮ್ಮೆ ಇಲ್ಲಿಯ ಅನಂತಪುರ ದೇವಸ್ಥಾನಕ್ಕೆ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೋಗಿದ್ದೇನೆ. ಈಗ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಇರುವುದರಿಂದ ಹಳೆಯ ರಬ್ಬರಿನ ಪೈಪು ಬದಲಿಸಿದ್ದೇನೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವುದಿದ್ದರೆ ಟಾಂಕಿ, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡುತ್ತೇನೆ. ಮೈಲುತುತ್ತಿನ ಚೀಲ ಈಗ ಬೇರೆ ಮಾಡಿನಲ್ಲಿದೆ.

ರಾತ್ರಿ ನಿಲ್ಲಿಸುವಾಗ ಎಂಜಿನ್ನಿನ ಅಡಿಗೆ ಒಂದು ಹಾಳೆ ತಟ್ಟೆ ಇಡುತ್ತೇನೆ. ಬೆಳಗ್ಗೆ ಅದರಲ್ಲಿ ಆಯಿಲಿನ ಎರಡೋ ಮೂರೋ ಹನಿ ಇರುತ್ತದೆ. ಇಚ್ಚ ಹೇಳಿದ್ದಾರೆ, ಎರಡು ಮೂರಕ್ಕೆ ತಲೆಬಿಸಿ ಬೇಡ, ಎಣಿಸುತ್ತಾ ಇರಿ ಅಂತ. ನಿನ್ನೆ ಐದು ಇತ್ತು. ಈ ಭಾನುವಾರ ಎಡಗಡೆಯ ಕವರ್ ಬಿಚ್ಚಬೇಕು. ಪ್ಯಾಕಿಂಗ್ ಶೀಟು ತಂದಿಟ್ಟಿದ್ದೇನೆ.